ತಾನಾಗಿ ಇಳಿಯುವ ತೆರೆ

ಹೊನ್ನಹೊಳೆಯ ಬೀದಿಬೀದಿಯಲ್ಲಿ ಡಂಗುರ ಸಾರಿದರು: “ರಾಜಕುಮಾರಿ ಪದ್ಮಲೆಯ ಮೂರು ಒಗಟು ಬಿಡಿಸಿದವನಿಗೆ ಅವಳನ್ನು ಕೊಟ್ಟು ಮದುವೆ! ತಪ್ಪಿದವನಿಗೆ ತಲೆದಂಡ!”

ಅರಮನೆಯಲ್ಲೊಂದು ಮಾಯಾಕನ್ನಡಿ ಇತ್ತು. ಅದರ ಮುಂದೆ ನಡೆದದ್ದೆಲ್ಲ ಅದೇ ಕ್ಷಣ ಊರೂರಿನ ಕನ್ನಡಿಗಳಲ್ಲಿ ಕಾಣುತ್ತಿತ್ತು. ಪದ್ಮಲೆ ದಿನವೂ ಅಲ್ಲಿ ಹಾಡುವಳು. ಕಾಯಿಲೆಯ ರಾಣಿ ಪಕ್ಕದಲ್ಲೇ ಮಲಗಿ ಕೇಳುವಳು. ವೈದ್ಯರು ಬರುವ ಹೊತ್ತಿಗೆ ಸೇವಕನೊಬ್ಬ ಕನ್ನಡಿಗೆ ತೆರೆ ಎಳೆಯಬೇಕು. ಒಮ್ಮೆ ಅವನು ಹಾಡಿಗೆ ಮೈಮರೆತು ತೆರೆ ಎಳೆಯಲಿಲ್ಲ. ರಾಣಿ ನರಳುವುದನ್ನು ನಾಡೆಲ್ಲ ನೋಡಿತು. ಅಂದಿನಿಂದ ರಾಣಿ ಅಲ್ಲಿಗೆ ಬರಲಿಲ್ಲ, ಪದ್ಮಲೆ ಹಾಡಲಿಲ್ಲ. ತಲೆದಂಡದ ಮಾತು ಸಿಟ್ಟಿಗೆದ್ದ ರಾಜನದು. ಒಗಟುಗಳು ಮಾತ್ರ ಅವಳವು.

“ಹಾಡಿಗೆ ಮರುಳಾಗದೆ, ನಿದ್ದೆಗೆ ಜಾರದೆ ಹೊತ್ತು ಕಾಯುವವನು ಯಾರು?” ಎಂದು ಅವಳು ಕೇಳಿದಳು.

“ಕಿವುಡ ಕಾವಲುಗಾರ,” ಎಂದ ಒಬ್ಬ ರಾಜಕುಮಾರ.

“ಅವನಿಗೂ ನಿದ್ದೆ ಬರುತ್ತದೆ.”

“ಸೂರ್ಯ,” ಎಂದ ಮತ್ತೊಬ್ಬ.

“ಮೋಡ ಕವಿದರೆ?”

ತಲೆದಂಡದ ದಿನದವರೆಗೆ ಇಬ್ಬರನ್ನೂ ಸೆರೆಗೆ ತಳ್ಳಿದರು.

ಆಗ ಬಂದವನು ದೋಣಿ ನಡೆಸುವ ಕೇತ. ಕೊನೆಗಾಲದಲ್ಲಿ ಹಾಸಿಗೆ ಹಿಡಿದ ಅವನ ತಾಯಿಗೆ ಕನ್ನಡಿಯಿಂದ ಬರುತ್ತಿದ್ದ ಆ ಹಾಡೇ ಸಮಾಧಾನವಾಗಿತ್ತು. ಅದು ನಿಂತುಹೋದದ್ದನ್ನು ಅವನಿಂದ ತಾಳಲಾಗಲಿಲ್ಲ.

“ತಳದಲ್ಲಿ ತೂತಿರುವ ಬಟ್ಟಲು, ಅಮ್ಮಣ್ಣಿ,” ಎಂದ. “ನೀರಿನ ಮೇಲೆ ಬಿಟ್ಟರೆ ಹನಿಹನಿಯಾಗಿ ತುಂಬಿ, ಸರಿಯಾದ ಹೊತ್ತಿಗೆ ಮುಳುಗುತ್ತದೆ. ಅದಕ್ಕೆ ದಾರ ಕಟ್ಟಿದರೆ ತೆರೆ ತಾನೇ ಇಳಿಯುತ್ತದೆ.”

“ತೆರೆ ಇಳಿದರೆ ಅರಮನೆಗೆ ಏನೋ ಆಯಿತೆಂದು ಜನ ಹೆದರುತ್ತಾರೆ. ಬಾಯಿಲ್ಲದೆ, ‘ಈಗ ಬರುತ್ತೇನೆ’ ಎಂದು ಹೇಳುವುದು ಯಾವುದು?”

“ಹಚ್ಚಿಟ್ಟು ಹೋದ ದೀಪ. ಕನ್ನಡಿಗೂ ತೆರೆಗೂ ನಡುವೆ ಒಂದು ಉರಿಯುತ್ತಿರಲಿ.”

ಪದ್ಮಲೆಯ ದನಿ ಸಣ್ಣಗಾಯಿತು. “ನಿನ್ನ ಬಟ್ಟಲಿಗೂ ತಿಳಿಯದ ಹೊತ್ತು ಯಾವುದು?”

ಕೇತ ತಲೆ ತಗ್ಗಿಸಿದ. ಸೇವಕರು ಕತ್ತಿಯತ್ತ ನೋಡಿದರು.

“ನೋವಿನ ಹೊತ್ತು,” ಎಂದ ಕೊನೆಗೆ. “ನನ್ನವ್ವನಿಗೆ ಅದು ಹೇಳಿ ಬರುತ್ತಿರಲಿಲ್ಲ. ಅದಕ್ಕೇ ತೆರೆಯ ಇನ್ನೊಂದು ದಾರ ರಾಣಿಯಮ್ಮನವರ ಕೈಯಲ್ಲೇ ಇರಬೇಕು. ಯಾರನ್ನೂ ಕೇಳದೆ, ಬೇಕೆನಿಸಿದಾಗ ಎಳೆದುಕೊಳ್ಳಲಿ.”

ಪದ್ಮಲೆಯ ಕಣ್ಣು ತುಂಬಿತು. “ಮೂರೂ ಸರಿ,” ಎಂದಳು.

“ಏನು ಬೇಕೋ ಕೇಳು,” ಎಂದ ರಾಜ.

“ಮೊದಲು ಆ ಇಬ್ಬರನ್ನು ಬಿಟ್ಟುಬಿಡಿ, ಪ್ರಭು. ಮದುವೆಯ ಮಾತು ಅಮ್ಮಣ್ಣಿಯವರಿಗೆ ಬಿಟ್ಟದ್ದು.”

ರಾಜಕುಮಾರರು ತಲೆ ಉಳಿಸಿಕೊಂಡು ಮನೆಗೆ ಹೋದರು. ಬಟ್ಟಲು, ದಾರ, ದೀಪ ಎಲ್ಲ ಸಿದ್ಧವಾದವು. ರಾಣಿ ಮತ್ತೆ ಬಂದು ಮಲಗಿದಳು. ಪದ್ಮಲೆ ಹಾಡಿದಳು, ಊರೂರಿನಲ್ಲಿ ಜನ ಕೆಲಸ ಬಿಟ್ಟು ಕನ್ನಡಿಯ ಮುಂದೆ ಕೂತರು.

ಹಾಡು ಮುಗಿಸಿ ಅವಳು ಕೇತನ ಬಳಿಗೆ ಹೋಗಿ, “ಇಲ್ಲೇ ಇರುತ್ತೀಯಾ?” ಎಂದು ಮೆಲ್ಲಗೆ ಕೇಳಿದಳು.

ನಾಡೆಲ್ಲ ಉಸಿರು ಬಿಗಿಹಿಡಿದು ಅವನ ಬಾಯಿ ನೋಡುತ್ತಿತ್ತು. ರಾಣಿಗೆ ಆಗ ಯಾವ ನೋವೂ ಇರಲಿಲ್ಲ. ಆದರೂ ನಗುತ್ತ ದಾರ ಎಳೆದಳು.