ಸಂಕವ್ವನ ಹಲ್ಲು

ಅದು ಯಾವ ಕಾಲವೋ, ನಮ್ಮಜ್ಜನ ಅಜ್ಜನಿಗೂ ಗೊತ್ತಿರಲಿಲ್ಲ. ಒಂದಾನೊಂದು ಊರಲ್ಲಿ ಸಂಕವ್ವ ಅಂತ ಒಬ್ಬಳಿದ್ದಳಂತೆ. ಸತ್ತ ಹಲ್ಲು ನಿಲ್ಲಿಸುವವಳು. ಬೇರಿನೊಳಗೆ ಕೊಳೆತದ್ದನ್ನೆಲ್ಲ ತೆಗೆದು, ಒಣಗಿಸಿ, ಕತ್ತಾಳೆ ನಾರನ್ನು ಹೊಸೆದು ಕಡ್ಡಿ ಮಾಡಿ, ರಾಳದ ಅಂಟಿನಲ್ಲಿ ಅದ್ದಿ ಒಳಗೆ ಕೂರಿಸುತ್ತಿದ್ದಳಂತೆ. ಅದರ ಮೇಲೆ ಮುರಿದ ಹಲ್ಲು ಕಟ್ಟುತ್ತಿದ್ದಳಂತೆ. ಬೇರೆಯವರು ತಂತಿ ತುರುಕಿದರೆ ಬೇರು ಸೀಳುತ್ತಿತ್ತು. ನಾರು ಹಲ್ಲು ಬಾಗಿದಂತೆ ಬಾಗುತ್ತಿತ್ತು. ಅವಳು ನಿಲ್ಲಿಸಿಕೊಟ್ಟ ಹಲ್ಲಿನಿಂದ ಒಬ್ಬ ಮುದುಕ ಬಂಡಿಯನ್ನೇ ಕಚ್ಚಿ ಎಳೆದನಂತೆ. ಎಳೆದನೋ ಬಿಟ್ಟನೋ, ಕಡಲೆಯಂತೂ ಕಡಿದ.

ಬಂದವರಿಗೆಲ್ಲ ಅವಳು ಹೇಳುತ್ತಿದ್ದುದು ಒಂದೇ ಮಾತು: "ಬಾಯಿ ಬಿಡು." ಜೊಲ್ಲು ತಾಗಿದರೆ ಅಂಟು ಹಿಡಿಯದು, ಅದು ಒಣಗುವ ತನಕ ಯಾರೂ ತುಟಿ ಕೂಡಿಸುವಂತಿಲ್ಲ. ಒಣಗಿತೋ, ಎದ್ದು ಮನೆಗೆ. ಸತ್ತದ್ದನ್ನು ಮುಟ್ಟುವ ಕೈ ಅಂತ ಅವಳ ಮನೆಯಲ್ಲಿ ಊರವರು ನೀರೂ ಕುಡಿಯುತ್ತಿರಲಿಲ್ಲವಂತೆ. ಊರಿನ ಬಾಯಿಗಳೆಲ್ಲ ಅವಳಿಗೆ ಗೊತ್ತು, ಅವಳೊಡನೆ ಮಾತಾಡುವ ಬಾಯಿ ಒಂದೂ ಇಲ್ಲ. ಸಂಜೆಯಾದರೆ ಒಲೆಯ ಜೊತೆ ಮಾತಾಡುತ್ತಿದ್ದಳಂತೆ. ಅವಳದೇ ಒಂದು ದವಡೆ ಹಲ್ಲು ಪೊಳ್ಳಾಗಿ ನೋಯುತ್ತಿತ್ತು. ತನ್ನ ಬಾಯೊಳಗೆ ತಾನೇ ಕೈಯಾಡಿಸಲು ಆಗುತ್ತದೆಯೇ? ಹೇಳಿಕೊಳ್ಳೋಣವೆಂದರೆ ಕೇಳುವವರಿಲ್ಲ. ಲವಂಗ ಕಚ್ಚಿಕೊಂಡು ಊರವರ ಹಲ್ಲು ನಿಲ್ಲಿಸಿದಳು.

ಒಂದು ದಿನ ಪರವೂರಿನಿಂದ ಕುರಿ ಕಾಯುವ ಮಾಳವ್ವ ಕೆನ್ನೆ ಹಿಡಿದುಕೊಂಡು ಬಂದಳಂತೆ. ಸಂಕವ್ವ ಎಂದಿನಂತೆ, "ಬಾಯಿ ಬಿಡ ಯವ್ವಾ" ಅಂದಳು. ಗಂಡ ಸತ್ತ ಮೇಲೆ ಕುರಿಗಳ ಹೊರತು ಯಾರೊಡನೆಯೂ ಮಾತಿಲ್ಲದ ಹೆಣ್ಣು ಅದು. ಮನಸ್ಸಿನಲ್ಲಿರುವುದನ್ನು ಹೇಳು ಅಂದಳೆಂದು ತಿಳಿದು ಎಲ್ಲ ಹೇಳಿಬಿಟ್ಟಳಂತೆ. ಕಾಸಿದ ರಾಳ ಗಟ್ಟಿಯಾಯಿತು. ಸಂಕವ್ವ ತಡೆಯಲಿಲ್ಲ, ಕೂತು ಕೇಳಿದಳು. ಕೊನೆಗೆ ಮಾಳವ್ವ ಕಣ್ಣೊರೆಸಿಕೊಂಡು ಅಂದಳಂತೆ: "ನಂದಾತು. ಇನ್ನ ನೀನೂ ಬಾಯಿ ಬಿಡಬೇ ಯಕ್ಕಾ."

ಅಷ್ಟು ಕೇಳಿದ ಮೇಲೂ ಸಂಕವ್ವನಿಗೆ ಆ ಮಾತಿಗೆ ಇನ್ನೊಂದು ಅರ್ಥವಿದೆ ಅಂತ ಹೊಳೆಯಲಿಲ್ಲ, ಪಾಪ. ಸುಮ್ಮನೆ ಬಾಯಿ ತೆರೆದಳು. ಮಾಳವ್ವ ಬಗ್ಗಿ ನೋಡಿದಳು. ಒಸಡೆಲ್ಲ ಕೀವು, ದವಡೆ ಕಪ್ಪಿಟ್ಟಿತ್ತು.

"ಇಷ್ಟ ನೋವು ಇಟಗೊಂಡು ಯಾರಿಗೂ ಹೇಳಲಿಲ್ಲೇನಬೇ?" ಅಂದಳು ಮಾಳವ್ವ.

"ಯಾರೂ ಕೇಳ್ಲಿಲ್ಲ ತಂಗಿ" ಅಂದಳಂತೆ ಸಂಕವ್ವ.

ಮತ್ತೆ ರಾಳ ಕಾಸಿ ಮಾಳವ್ವನ ಹಲ್ಲು ನಿಲ್ಲಿಸಿದಳು. ಅದೇ ಕೊನೆಯದು. ಕೀವು ಮೈಗೇರಿ ಸತ್ತಳು. ತಲೆಯ ಬಳಿ ಕೂತಿದ್ದವಳು ಮಾಳವ್ವ ಒಬ್ಬಳೇ. ಅವಳ ಬಾಯಿಂದ ಆ ಮಾತು ಕೇಳಿ ಊರಿಗೆಲ್ಲ ನಾಚಿಕೆಯಾಯಿತಂತೆ, ಸತ್ತ ಮೇಲೆ ನಾಚಿಕೆಪಟ್ಟು ಏನು ಬಂತು!

ಈಗ ಆ ಊರವರು ಪೇಟೆಯ ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತಾರೆ. ಅಲ್ಲೂ ಅದೇ, ಬೇರು ತೊಳೆದು ನಾರಿನ ಕಡ್ಡಿ ಅಂಟಿಸುವುದು, ಕತ್ತಾಳೆಯ ಬದಲು ಗಾಜಿನ ನಾರು ಅಷ್ಟೆ. ಮುಗಿದ ಮೇಲೆ ಬಾಯಿ ಮುಕ್ಕಳಿಸಿ ಕುರ್ಚಿಯಿಂದ ಇಳಿದರೂ ಅವರು ಹೊರಡುವುದಿಲ್ಲ. ಡಾಕ್ಟರ ಮುಖ ನೋಡಿ, "ನಿಮ್ಮ ಹಲ್ಲು ಹೆಂಗದಾವ್ರಿ?" ಅಂತ ಕೇಳಿ, ಉತ್ತರ ಬರುವ ತನಕ ನಿಂತೇ ಇರುತ್ತಾರೆ.