ಸ್ಕ್ಯಾನ್ ಕೋಣೆಯ ಹಲ್ಲಿ

ಆಸ್ಪತ್ರೆಯ ಸಿಟಿ ಸ್ಕ್ಯಾನ್ ಕೋಣೆಯ ಗೋಡೆಯ ಮೇಲೆ ಒಂದು ಹಲ್ಲಿ ಸಂಸಾರ ಹೂಡಿತ್ತು. ಸ್ಕ್ಯಾನ್ ಮುಗಿಸಿ ಎದ್ದವರೆಲ್ಲ ಟೆಕ್ನಾಲಜಿಸ್ಟ್ ವಿನುತಾಳ ಮುಖ ನೋಡಿ, "ಏನೂ ಇಲ್ಲ ತಾನೇ, ಮೇಡಂ?" ಎನ್ನುವರು. ಅವಳು ಬಿಗುಮಾನದಿಂದ, "ಡಾಕ್ಟರು ನೋಡಿ ಹೇಳ್ತಾರೆ" ಎನ್ನುವಳು. ಅಷ್ಟರಲ್ಲಿ ಹಲ್ಲಿ ಲೊಚಗುಟ್ಟಿದರೆ ಸಾಕು, ಅವರು "ಕೃಷ್ಣ ಕೃಷ್ಣ" ಎಂದು ಮಂಚ ತಟ್ಟಿ, ರೋಗವೇ ವಾಸಿಯಾದಂತೆ ನಗುತ್ತಾ ಹೊರಡುವರು.

ಒಂದು ದಿನ ವಿನುತಾಳಿಗೆ ಮೈ ಉರಿದುಹೋಯಿತು. "ಇಷ್ಟು ಓದಿದ ನಾನೇ ಬಾಯಿ ಬಿಡಲ್ಲ. ರಿಪೋರ್ಟ್ ಕೊಡೋಕೆ ನೀನ್ಯಾರು?"

"ರಿಪೋರ್ಟೂ ಇಲ್ಲ, ಗಿಪೋರ್ಟೂ ಇಲ್ಲ, ತಾಯಿ. ಸೊಳ್ಳೆ ಕಂಡಿತು, ಬಾಯಿ ಚಪ್ಪರಿಸಿದೆ" ಎಂದಿತು ಹಲ್ಲಿ.

ಕೆಲವು ದಿನಗಳ ಮೇಲೆ, ತಲೆನೋವು ತಾಳಲಾರದೆ ವಿನುತಾಳೇ ಆ ಮಂಚದ ಮೇಲೆ ಮಲಗಬೇಕಾಯಿತು. ಸ್ಕ್ಯಾನ್ ಮುಗಿಯಿತು. ಗಾಜಿನಾಚೆ ಕೂತ ಸಹೋದ್ಯೋಗಿ ಪರದೆ ನೋಡುತ್ತಲೇ ಇದ್ದ. ಅವಳು ಮೆಲ್ಲನೆ ಗೋಡೆಯ ಕಡೆ ತಿರುಗಿದಳು.

"ಹಲ್ಲಿಯಪ್ಪಾ, ಏನೂ ಇಲ್ಲ ತಾನೇ? ಒಂದೇ ಒಂದು ಸಲ ಲೊಚಗುಟ್ಟಪ್ಪಾ."

ಹಲ್ಲಿ ಬಿಗುಮಾನದಿಂದ ನುಡಿಯಿತು: "ಡಾಕ್ಟರು ನೋಡಿ ಹೇಳ್ತಾರೆ, ಮೇಡಂ."

ಏನೇ ಆಗಲಿ, ನುಡಿದದ್ದು ಹಲ್ಲಿಯೇ ತಾನೇ? ವಿನುತಾ ಯಾರಿಗೂ ಕಾಣದಂತೆ ಮಂಚ ತಟ್ಟಿ, "ಕೃಷ್ಣ ಕೃಷ್ಣ" ಎಂದಳು.