ಬೇವಿನ ಮರದ ತನಕದ ಪಂಕ್ತಿ

ಪರಮಪೂಜ್ಯ ಶ್ರೀ ನಿರುಪಾಧೀಶ ಅಜ್ಜನವರ ಮಠವೆಂದರೆ ಆಗ ತಗಡಿನ ಮಾಡು, ಮಣ್ಣಿನ ಗೋಡೆ, ಅಂಗಳದ ಆಚೆ ತುದಿಗೊಂದು ಬೇವಿನ ಮರ, ಅಷ್ಟೇ. ಸೋಮವಾರದ ದಾಸೋಹದಲ್ಲಿ ಎಲ್ಲರಿಗೂ ಬಡಿಸಿಯಾದ ಮೇಲೆ ಅಜ್ಜನವರು 'ಹರಹರ ಮಹಾದೇವ' ಎನ್ನುತ್ತಿದ್ದರು. ಆಮೇಲೆಯೇ ಮೊದಲ ತುತ್ತು.

ಆ ಬೇವಿನ ಕೆಳಗೆ ಕಸ್ತೂರೆವ್ವ ಎಂಬ ಒಂಟಿ ಹೆಣ್ಣುಮಗಳು ಮನೆಯ ಬುತ್ತಿ ಬಿಚ್ಚಿ ಒಬ್ಬಳೇ ಉಣ್ಣುತ್ತಿದ್ದಳು. ಅವಳಿಗೆ ಮೂತ್ರಪಿಂಡ ಕಸಿಯಾಗಿತ್ತು. ಅದು ಉಳಿಯಬೇಕಾದರೆ ಮೈಯ ಕಾವಲನ್ನೇ ತಗ್ಗಿಸುವ ಗುಳಿಗೆಗಳನ್ನು ಬದುಕಿರುವತನಕ ನುಂಗಬೇಕು. ಹಾಗಾಗಿ ಇನ್ನೊಬ್ಬರ ನೆಗಡಿಯೂ ಅವಳ ಜೀವಕ್ಕೆ ಸಂಚಕಾರ. ಮುಖಕ್ಕೆ ಮಾಸ್ಕ್, ಕಾಸಿದ ನೀರು, ತೀರ್ಥಕ್ಕೂ ಕೈಯೊಡ್ಡುತ್ತಿರಲಿಲ್ಲ. ನಮ್ಮ ಜನಕ್ಕೆ ಆಡಿಕೊಳ್ಳಲು ಇಷ್ಟು ಸಾಕಲ್ಲವೇ! ದಾಸೋಹದ ಉಸ್ತುವಾರಿ ಮುರಿಗೆಪ್ಪ ಭಕ್ತಿಯಲ್ಲಿ ಎಷ್ಟು ಮುಂದೋ ಬಾಯಲ್ಲೂ ಅಷ್ಟೇ ಮುಂದು. "ಆಕೀದು ಭಾಳ ಮಡಿ. ನಮ್ಮ ಗಾಳಿ ಸೋಕಿದ್ರೂ ಮೈಲಿಗಿ" ಎಂದು ಅವಳಿಗೆ ಕೇಳುವಂತೆಯೇ ಆಡುತ್ತಿದ್ದ.

ಒಂದು ಸೋಮವಾರ ಅವಳು ಮಾಸ್ಕ್ ಇಲ್ಲದೆ, ಬುತ್ತಿಯಿಲ್ಲದೆ ಬಂದು ಬಾಗಿಲಲ್ಲೇ ಕೈಮುಗಿದಳು.

"ಅಜ್ಜಾ, ನಿನ್ನಿಯಿಂದ ಗುಳಿಗಿ ಬಿಟ್ಟೇನ್ರಿ. ಒಬ್ಬಾಕೀನ ಉಂಡು ಉಂಡು ಸಾಕಾಗೇತಿ. ಒಮ್ಮೆ ಎಲ್ಲಾರ ಜೋಡಿ ಕುಂತು ಉಂಡು ಸಾಯ್ತೇನಿ. ಆಶೀರ್ವಾದ ಮಾಡ್ರಿ."

ಮುರಿಗೆಪ್ಪ ಹಿಗ್ಗಿ, ಕೆಮ್ಮುತ್ತ ಕೂತವರ ನಡುವೆಯೇ ಅವಳಿಗೊಂದು ಎಲೆ ಹಾಕಿದ. ಅಜ್ಜನವರು ಎದ್ದು ಆ ಎಲೆಯನ್ನು ತಾವೇ ಎತ್ತಿಕೊಂಡು ಅಂಗಳ ದಾಟಿ ಬೇವಿನ ಕೆಳಗೆ ಹಾಸಿದರು.

ಕಸ್ತೂರೆವ್ವ ಹಿಂದೆಯೇ ಬಂದಳು. "ನೀವೂ ನನ್ನ ದೂರ ಮಾಡಿದ್ರೇನ್ರಿ ಅಜ್ಜಾ?"

ಅಜ್ಜನವರು ಅವಳನ್ನು ಅಲ್ಲೇ ಕೂರಿಸಿ, ಒಲೆಯ ಮೇಲಿನ ಬಿಸಿ ಅನ್ನವನ್ನು ಬಡಿಸಿ, ತಮ್ಮ ಎಲೆಯನ್ನು ಹೊಸ್ತಿಲ ಬಳಿ ಅವಳಿಗೆ ಎದುರಾಗಿ ಹಾಕಿಸಿಕೊಂಡು ಕೂತರು.

"ಗುಳಿಗಿ ಎಲ್ಲಿ?"

"ಮನ್ಯಾಗ ಅದಾವ್ರಿ."

"ತರಿಸ್ತೇವಿ. ನಮ್ಮ ಪಂಕ್ತಿ ಬೇವಿನ ಗಿಡದ ತನಕ ಐತಿ. ನೀ ಗುಳಿಗಿ ತಗೊಳ್ಳೂತನಕ ಇಲ್ಲಿ ಯಾರೂ ಉಣ್ಣೂದಿಲ್ಲ."

ಮುರಿಗೆಪ್ಪನೇ ಸೈಕಲ್ ಏರಿದ. ಅನ್ನ ತಣಿಯಿತು, ಹಸಿದ ಮಕ್ಕಳು ಅತ್ತವು, ಒಬ್ಬರೂ ಏಳಲಿಲ್ಲ. ಮುರಿಗೆಪ್ಪ ಗುಳಿಗೆ ಹಿಡಿದು ಮರಳಿದ. ಅವಳ ಮನೆಯಲ್ಲಿ ಅವನು ಕಂಡದ್ದು ಒಂದೇ ತಾಟು, ಒಂದೇ ಲೋಟ. ಗುಳಿಗೆಯನ್ನು ಅವಳೆದುರು ದೂರದಲ್ಲಿಟ್ಟು, "ತಗೋ ಯವ್ವಾ" ಎಂದ. ಅವಳು ಅಳುತ್ತಲೇ ನುಂಗಿದಳು. ಆಗ ಅಜ್ಜನವರು ಮಹಾದೇವನನ್ನು ಕೂಗಿದರು. ಊಟವಾದೊಡನೆ ಅವಳನ್ನು ವೈದ್ಯರ ಬಳಿಗೂ ಕಳಿಸಿಕೊಟ್ಟರು.

ಅವಳ ರೋಗ ಹೋಗಲಿಲ್ಲ. ಉಳಿದ ದಿನಗಳಲ್ಲಿ ಮನೆಯ ಆ ಒಂದೇ ತಾಟೂ ತಪ್ಪಲಿಲ್ಲ. ಆದರೆ ಸೋಮವಾರ ಅವಳು ಗುಳಿಗೆ ನುಂಗಿ ಕೈಯೆತ್ತುವತನಕ ಮಠದಲ್ಲಿ ಯಾರೂ ತುತ್ತು ಮುಟ್ಟುತ್ತಿರಲಿಲ್ಲ.

ಅಜ್ಜನವರು ಲಿಂಗೈಕ್ಯರಾದ ನಂತರದ ಮೊದಲ ಸೋಮವಾರ ಎಲೆಗಳ ಮುಂದೆ ಎಲ್ಲರೂ ಕಾದು ಕೂತಿದ್ದರು. ಮುರಿಗೆಪ್ಪ ಹೊಸ್ತಿಲಿಗೆ ಬಂದು ಬೇವಿನತ್ತ ನೋಡಿದ. ಕಸ್ತೂರೆವ್ವ ಗುಳಿಗೆ ನುಂಗಿ ಕೈಯೆತ್ತಿದಳು. 'ಹರಹರ' ಎನ್ನುವಷ್ಟರಲ್ಲಿ ಅವನ ಕಣ್ಣು ಹೊಸ್ತಿಲ ಬಳಿ ಅಜ್ಜನವರು ಕೂರುತ್ತಿದ್ದ ಜಾಗಕ್ಕೆ ಬಿತ್ತು, ಕೂಗು ಅರ್ಧಕ್ಕೇ ನಿಂತಿತು. ಉಳಿದದ್ದನ್ನು ಬೇವಿನ ಕೆಳಗಿನಿಂದ ಅವಳೇ ಕೂಗಿದಳು.